ಸಾಸಿವೆ ಕಾಳಿನಷ್ಟು ಬೆಳಕು

ಇತ್ತು, ಇವತ್ತೂ ಇತ್ತು, ಲಿಂಗದ ನೆತ್ತಿಯಿಂದ ಚೂರು ಕೆಳಗೆ, ಸಾಸಿವೆ ಕಾಳಿನಷ್ಟು ಬೆಳಕು, ಮಡೆಪ್ಪನವರು ರೆಪ್ಪೆ ಬಡಿಯದೆ ನೋಡಿದರು, ಎಡ ಅಂಗೈಯ ಮೇಲೆ ಇಷ್ಟಲಿಂಗ, ಅದರ ಕರಿಯ ಮೈ ಮೇಲಿನ ನೀರು ಆಗಲೇ ಆರಿತ್ತು, ನೀರಾದರೂ ಎಷ್ಟು, ಮೈಲೂರಿಗೆ ಟ್ಯಾಂಕರ್ ಬಂದು ಮೂರು ದಿನವಾಯಿತು, ದೇವರಿಗೂ ಒಂದು ಚಮಚದಲ್ಲೇ ಸ್ನಾನ — ಆದರೆ ಇದು ನೀರಿನ ಹೊಳಪಲ್ಲ, ನೀರು ಆರಿದ ಮೇಲೂ ಇರುತ್ತದೆ, ವಿಭೂತಿಯ ಕಣವೂ ಅಲ್ಲ, ಬೆರಳಿನಿಂದ ಸವರಿ ನೋಡಿದ್ದಾರೆ, ಹೋಗುವುದಿಲ್ಲ, ಬೆರಳಿಗೆ ಸಿಗುವುದೂ ಇಲ್ಲ. ಮೊದಲು ಇರಲಿಲ್ಲ. ಅನುಸೂಯಾ ಹೋದ ಮೇಲೆ ಬಂದದ್ದು. ಕಾರ್ತಿಕ ಮಾಸದಲ್ಲಿ ಅವಳನ್ನು ಊರಾಚೆಯ ರುದ್ರಭೂಮಿಯಲ್ಲಿ ಕೂರಿಸಿ ಬಂದರು, ಕೂರಿಸಿಯೇ, ನಮ್ಮಲ್ಲಿ ಮಲಗಿಸುವುದಿಲ್ಲ, ಅವಳ ಲಿಂಗ ಅವಳ ಅಂಗೈಯಲ್ಲೇ, ಮೇಲೆ ಬಿಲ್ವಪತ್ರೆ, ಬುಟ್ಟಿ ಬುಟ್ಟಿ ವಿಭೂತಿ, ಆಮೇಲೆ ಮಣ್ಣು, ಆ ಮಣ್ಣು ಸಹ ಎಷ್ಟು ಒಣಗಿತ್ತು, ಹಿಡಿಯಲ್ಲಿ ನಿಲ್ಲದೆ ಬೆರಳ ಸಂದಿನಿಂದ ಸೋರಿ ಹೋಗುತ್ತಿತ್ತು — ಆ ದಿನಗಳೆಲ್ಲ ಕಳೆದು ಮೊದಲ ಸಲ ಈ ಕೋಣೆಯಲ್ಲಿ ಒಬ್ಬರೇ ಪೂಜೆಗೆ ಕೂತ ಬೆಳಿಗ್ಗೆ ಇದು ಕಂಡಿತ್ತು, ಬಂದಿಯಾ, ಎಂದುಬಿಟ್ಟಿದ್ದರು, ಬಾಯಿಬಿಟ್ಟು, ಪೂಜೆಯ ಮೌನ ಮುರಿದು. ಅಂದಿನಿಂದ ದಿನ ಶುರುವಾಗುವುದೇ ಇದರಿಂದ, ಇದು ಕಂಡರೆ ರೊಟ್ಟಿ ಗಂಟಲಲ್ಲಿ ಇಳಿಯುತ್ತದೆ, ಇದು ಕಂಡರೆ ಖಾಲಿ ಮನೆ ಖಾಲಿ ಅನ್ನಿಸುವುದಿಲ್ಲ, ಇದೇ ಇಲ್ಲವಾದರೆ — ಆ ಮಾತು ಬೇಡ, ಅದನ್ನು ಯೋಚಿಸಬಾರದು, ಆದರೆ ನಿನ್ನೆ ಸಂಜೆಯಿಂದ ಅದನ್ನೇ ಯೋಚಿಸುತ್ತಿದ್ದಾರೆ.

ಯಾರಿಗೂ ಹೇಳಬಾರದಿತ್ತು, ಭಾಲ್ಕಿಯ ತಂಗಿ ಈರಮ್ಮನಿಗೆ ಅದೇಕೆ ಹೇಳಿದೆನೋ, ಫೋನಿನಲ್ಲೇ ಆಕೆ ಅಳಲಿಕ್ಕೆ ಶುರುಮಾಡಿದಳು, ಅಣ್ಣಾ, ಅನುಸೂಯಾ ವೈನಿ ಲಿಂಗದಾಗ ಬೆಳಕಾಗಿ ಬಂದಾಳ, ಖರೇ ಶರಣಿ ಅಕಿ, ನಾ ಆವಾಗೇ ಅಂದಿದ್ದೆ, ನೀ ಏನು ಅಂದಿದ್ದಿ ಈರವ್ವ, ಬದುಕಿದ್ದಾಗ ಅಕಿ ಮಾಡಿದ ಸಾರಿಗಿ ಉಪ್ಪಿಲ್ಲ ಅಂತ ಅಂದಿದ್ದಿ, ಅಣ್ಣಾ ಅದು ಬ್ಯಾರೆ ಮಾತು, ಈ ಸೋಮವಾರ ನಮ್ಮ ಭಜನಿ ಹೆಣ್ಮಕ್ಕಳನ್ನ ಕರ್ಕೊಂಡು ಬರ್ತೇನಿ, ಲಿಂಗ ತೋರ್ಸಬ್ಯಾಡ, ತೋರ್ಸಬಾರದು, ನನಗೂ ಗೊತ್ತದ, ನೀ ಬಾಯಿಲೆ ಹೇಳು ಸಾಕು, ಮಳಿ ಇಲ್ಲ ಬೆಳಿ ಇಲ್ಲ, ಮಂದಿ ಊರು ಬಿಟ್ಟು ಹೊಂಟಾರ, ಇಂಥಾದೊಂದು ಕೇಳಿದ್ರ ಅವರ ಜೀವಕ್ಕೂ ತಂಪಾಗ್ತದ, ಮತ್ತ ಕೇಳಿಲ್ಲಿ, ಮಗಳ ಮುಂದ ಹೇಳಬ್ಯಾಡ, ನೀಲಾ ಸಾಲಿ ಜಾಸ್ತಿ ಕಲ್ತಾಕಿ, ಒರೆಸಿ ಹಾಕ್ತಾಳ. ಹೇಳಲಿಲ್ಲ. ಹೇಳದೆಯೇ ಮಗಳನ್ನು ಕೇಳಿಬಿಟ್ಟರು, ಅದೇ ತಪ್ಪಾಯಿತು, ತಪ್ಪೋ ಏನೋ, ನಲವತ್ತು ವರ್ಷ ಔರಾದದ ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದ ಬಾಯಿ, ಅರ್ಥವಾಗದಿದ್ದರೆ ಕೇಳ್ರಿ ಕೇಳ್ರಿ ಎಂದು ಹೇಳಿ ಹೇಳಿ ತನಗೇ ಚಟವಾಗಿದೆ.

ನೀಲಾ ಪುಣೆಯ ಸಂಸ್ಥೆಯಲ್ಲಿ ಗ್ಯಾಲಕ್ಸಿಗಳ ಅಧ್ಯಯನ ಮಾಡುತ್ತಾಳೆ, ತಾಯಿ ಹೋದ ಮೇಲೆ ಕೆಲಸ ಹೊತ್ತುಕೊಂಡೇ ಬಂದು ಬೇಸಿಗೆಯವರೆಗೆ ಇಲ್ಲೇ ಉಳಿದಿದ್ದಾಳೆ, ಮುಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್, ಅದರ ತುಂಬ ಕಪ್ಪು, ಕಪ್ಪಿನಲ್ಲಿ ಚುಕ್ಕೆ, ನಿನ್ನೆ ಸಂಜೆ ಹಿಂದೆ ನಿಂತು ನೋಡುತ್ತಿದ್ದಾಗ ಕಂಡಿತ್ತು, ಅದೇ ಕಪ್ಪು, ಅದೇ ಸಾಸಿವೆ ಕಾಳು. ಇವೆಲ್ಲಾ ಚಿಕ್ಕಿ, ನಕ್ಷತ್ರ ಏನವ್ವ, ಅಲ್ರಿ ಅಪ್ಪಾ, ಚಿಕ್ಕಿ ಇದರಾಗ ನಾಕೈದೇ ಅವ, ನಾಕೂ ಕಡಿ ಸೂಜಿ ಚಾಚ್ಕೊಂಡು ಕುಂತಾವಲ್ಲ ಅವು, ಉಳಿದದ್ದೆಲ್ಲಾ ಗ್ಯಾಲಕ್ಸಿ, ಒಂದೊಂದರಾಗೂ ಕೋಟಿ ಕೋಟಿ ಚಿಕ್ಕಿ. ಕೋಟಿ ಕೋಟಿ ಎಂದು ಎಷ್ಟು ಹಗುರವಾಗಿ ಹೇಳುತ್ತಾಳೆ, ಅವಳ ತಾಯಿ ಜೋಳ ಹಸನು ಮಾಡುವಾಗ ಹೀಗೇ ಕೂರುತ್ತಿದ್ದಳು, ಮೊರ ತೊಡೆಯ ಮೇಲೆ, ಬೆನ್ನು ಬಾಗಿಸಿ, ಇದು ಕಾಳು ಇದು ಕಲ್ಲು. ಆಕಾಶದಲ್ಲಿ ಬರಿಗಣ್ಣಿಗೆ ಏನೂ ಇಲ್ಲದ ಜಾಗ ಅಂತೆ ಇದು, ಕೈ ಚಾಚಿ ಹಿಡಿದ ಜೋಳದ ನುಚ್ಚಿನ ಹಿಂದೆ ಮರೆಯಾಗುವಷ್ಟು ಜಾಗ, ಅಲ್ಲಿಗೆ ಕಣ್ಣಿಟ್ಟು ಭೂಮಿಯಾಚೆ ತೇಲುವ ಒಂದು ದೂರದರ್ಶಕ ದಿನಗಟ್ಟಲೆ ನೋಡುತ್ತದಂತೆ, ಏನೂ ಇಲ್ಲದ ಕಪ್ಪನ್ನು, ಸುಮ್ಮನೆ. ಸುಮ್ಮನೆ ನೋಡಿದರೆ ಬರುತ್ತದೇನವ್ವ, ಬರ್ತದ್ರಿ, ಹನಿ ಹನಿ ಕೂಡಿ ಬರ್ತದ. ನೆಲದ ಮೇಲಿಂದ ಕಾಣುವುದಿಲ್ಲವೇ, ನಮ್ಮ ಗಾಳಿ ಕುದಿತದ್ರಿ ಅಪ್ಪಾ, ಈಗ ಔರಾದ ರೋಡಿನ ಮ್ಯಾಲ ಮಧ್ಯಾಹ್ನ ಝಳ ಕುಣಿತದಲ್ಲ, ಹಂಗ, ಅದಕ್ಕೇ ದುರ್ಬೀನು ಗಾಳಿ ದಾಟಿ ಮ್ಯಾಲಿಟ್ಟಾರ. ಇದು ಯಾಕ ಕೆಂಪಗ ಅದ, ಅದು ಭಾಳ ದೂರ ಅದ್ರಿ, ಇನ್ನೂ ದೂರ ಹೊಂಟದ, ದೂರ ಇದ್ದಷ್ಟೂ ಜೋರು ಓಡತಾವ, ಅದರ ಬೆಳಕು ಹೊಂಟಾಗ ನಮ್ಮ ಭೂಮಿನೇ ಹುಟ್ಟಿದ್ದಿಲ್ಲ. ಎಲ್ಲಾ ಬಿಟ್ಟು ಹೊಂಟಾವಂದ್ರ ಔರಾದ ತಾಲೂಕಿನಂಗ ಆತಲ್ಲವ್ವ, ನೀಲಾ ನಕ್ಕಳು, ತಾಯಿ ಹೋದ ಮೇಲೆ ಮೊದಲ ಸಲ ಹಲ್ಲು ಕಾಣುವಂತೆ, ಆ ನಗುವಿನ ಸಲಿಗೆಯಲ್ಲೇ ಕೇಳಿದ್ದು — ಮತ್ತ ಇದು ಖರೇ ಗ್ಯಾಲಕ್ಸಿನೋ, ಇಲ್ಲಾ ಕ್ಯಾಮೆರಾದ ಮ್ಯಾಲಿನ ಕಲೆಯೋ, ಹ್ಯಾಂಗ ಗೊತ್ತಾಗ್ತದ. ಅವಳು ಕುರ್ಚಿಯನ್ನೇ ತಿರುಗಿಸಿ ಕೂತಳು, ಕಣ್ಣು ಅರಳಿದವು, ಭಾರಿ ಕೇಳಿದ್ರಿ ಅಪ್ಪಾ, ನನ್ನ ಕೆಲಸೇ ಅದು, ಕಂಡಿದ್ದನ್ನ ನಂಬೂದಿಲ್ಲ, ಅಲುಗಿಸಿ ನೋಡ್ತೀವಿ. ದುರ್ಬೀನನ್ನು ಚೂರೇ ಚೂರು ಸರಿಸಿ ಅದೇ ಆಕಾಶದ ಇನ್ನೊಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು, ಚಿಕ್ಕಿಯೆಲ್ಲ ಚಿತ್ರದಲ್ಲಿ ಒಂದು ಕಡೆಗೆ ಜರುಗುತ್ತವೆ, ಚುಕ್ಕೆ ಅವುಗಳ ಸಂಗಡ ಜರುಗಿದರೆ ಅದು ಆಕಾಶದ್ದು, ಜರುಗದೆ ಚಿತ್ರದ ಅದೇ ಮೂಲೆಗೆ ಅಂಟಿಕೊಂಡು ಕೂತರೆ ಅದು ಕ್ಯಾಮೆರಾದ್ದು, ಕಣ್ಣಿನ ದೋಷ, ತೆಗೆದು ಹಾಕುವುದು. ಎಷ್ಟು ಚಂದ ಇದ್ರೂ ತೆಗೀತೀಯೇನು, ಚಂದ ಇದ್ದದ್ದನ್ನೇ ಮೊದಲ ಅಲುಗಸ್ತೀವ್ರಿ, ಯಾಕಂದ್ರ ಅದು ಖರೇ ಇರಲಿ ಅಂತ ನಮ್ಮ ಮನಸ್ಸಿಗಿ ಆಸಿ ಇರ್ತದ, ನೀವ್ಯಾಕ್ರಿ ಇಷ್ಟು ಕೇಳ್ಲಕತ್ತೀರಿ, ಪರೀಕ್ಷಾ ಬರಿಯೋದದೇನು. ಹೌದವ್ವ, ಪರೀಕ್ಷೆಯೇ, ಎನ್ನಲಿಲ್ಲ, ಅಂಗಳಕ್ಕೆ ಹೋಗಿ ನಿಂತರು, ಬತ್ತಿದ ಬಾವಿಯ ಕಟ್ಟೆಯ ಮೇಲೆ ಕೈಯೂರಿ, ಆಸೆ ಇರುತ್ತದೆ, ಇರಲಿ ಅಂತ ಆಸೆ ಇರುತ್ತದೆ.

ಈಗ ಅಂಗೈಯಲ್ಲಿ ಆ ಆಸೆ ಹೊಳೆಯುತ್ತಿದೆ, ಅಲುಗಿಸುವುದೇ — ಬಲಗಣ್ಣಿನಲ್ಲಿ ಮೋತಿಬಿಂದು ಬಲಿತಿದೆ ಎಂದು ಡಾಕ್ಟರು ಹೇಳಿದ್ದಾರೆ, ಮಳೆಗಾಲ ಬಂದ ಮೇಲೆ ಆಪರೇಷನ್ ಎಂದು ಇವರು ಮುಂದೂಡಿದ್ದಾರೆ, ಕಣ್ಣಿನ ಪೊರೆಯೇ ಇರಬಹುದು, ಇಲ್ಲವೇ ಲಿಂಗದ ಮೈ ಸವೆದಿರಬಹುದು, ಗುರುಗಳು ಕಟ್ಟಿದ ಲಿಂಗ, ಅರವತ್ತು ವರ್ಷ ಇದೇ ಅಂಗೈ, ಇದೇ ಹೆಬ್ಬೆರಳು, ಸವೆಯದೆ ಇರುತ್ತದೆಯೇ, ಇನ್ನೊಬ್ಬರಿಗೆ ತೋರಿಸಿ ನೋಡು ಎನ್ನುವಂತಿಲ್ಲ, ಅವರವರ ಲಿಂಗ ಅವರವರ ಕಣ್ಣಿಗೇ, ನೋಡಿದರೆ ತಾನೇ ನೋಡಬೇಕು — ಆಗ ಹೊರಗೆ ಗೇಟು ಕಿರ್ರೆಂದಿತು, ಜೈ ಭೀಮ್ರಿ ತಂಗಿ, ಸರ್ ಅದಾರೇನು, ದನಿ ಮಾಣಿಕನದು, ಡಾಬಕಾ ಹಳ್ಳಿಯ ಮಾಣಿಕ, ಹಳೇ ವಿದ್ಯಾರ್ಥಿ, ಏಳನೇ ತರಗತಿಯಲ್ಲಿ ಪದ್ಯವೆಲ್ಲ ಬಾಯಿಪಾಠ, ಗದ್ಯವೆಂದರೆ ಹೊಟ್ಟೆನೋವು. ಅಪ್ಪ ಪೂಜಾದಾಗ ಅದಾರ, ಕೂಡು ಮಾಣಿಕಣ್ಣ, ಕೂಡೂದೆಲ್ಲೀದು, ಹೈದ್ರಾಬಾದ್ ಬಸ್ಸಿಗಿ ಹೊಂಟೀವಿ, ಅಲ್ಲಿ ದೊಡ್ಡ ಕಟ್ಟಡದ ಕೆಲಸ ಅದಂತ, ಸರ್‌ಗ ಕೈ ಮುಗುದು ಹೋಗ್ತೇನಿ, ನಮ್ಮ ಜಿಜಾಬಾಯಿ ಆಟೋದಾಗ ಸಾಮಾನ ಹಿಡ್ಕೊಂಡು ಕುಂತಾಳ, ಅಕಿ ಕೂಡಲಿಲ್ಲಂದ್ರ ಆಟೋದವ ಸಾಮಾನ ಒಯ್ತಾನ, ಕುಂತ್ರ ಅಕಿನ್ನೂ ಒಯ್ತಾನಂತ ನನಗ ಕಾಳಜಿ. ಹೊರಗಿನಿಂದ ಅವನ ಹೆಂಡತಿ ಜಿಜಾಬಾಯಿಯ ದನಿ, ಒಯ್ದ್ರ ಒಯ್ಲಿ, ಅಂವಾ ಪೆಟ್ರೋಲ್ ಹಾಕಸಲಕರ ಗಳಸ್ತಾನ. ನೀಲಾ ನಗುತ್ತಿದ್ದಾಳೆ, ಊರಾಗ ಯಾರು ಉಳದಾರ ಮಾಣಿಕಣ್ಣ, ಮುದುಕರು ಉಳದಾರ, ನಾಯಿ ಉಳದಾವ, ಕಲ್ಲಿನ ಹನುಮಪ್ಪ ಉಳದಾನ, ಅವಂಗ ಏನು, ನೀರ ಬೇಕಾಗೂದಿಲ್ಲ, ತಂಗಿ, ನಿನ್ನ ದುರ್ಬೀನಿನ್ಯಾಗ ಎಲ್ಲ್ಯಾರ ಮೋಡ ಕಾಣಸ್ತಾವೇನು ನೋಡು, ಅದು ಮೋಡದ ಮ್ಯಾಲ ಅದ ಮಾಣಿಕಣ್ಣ, ಮ್ಯಾಲ ಅದಾ, ಹಂಗಾದ್ರ ಮೋಡಕ್ಕ ಮ್ಯಾಲಿಂದ ಒಂದು ಒದಿಲಕ್ಕ ಹೇಳು ಅದಕ್ಕ. ಒಳಗೆ ಮಡೆಪ್ಪನವರಿಗೂ ನಗು ಬಂತು, ಪೂಜೆಯಲ್ಲಿ ನಗಬಾರದು, ತುಟಿ ಬಿಗಿ ಹಿಡಿದರು, ಊರಿಗೆ ಬೀಗ ಹಾಕಿ ಹೊರಟವನು ನಗಿಸಿ ಹೋಗುತ್ತಾನೆ, ನಾನಿಲ್ಲಿ ಒಂದು ಚುಕ್ಕೆಯನ್ನು ಅಲುಗಿಸಲು ಹೆದರಿ ಕೂತಿದ್ದೇನೆ.

ಇದು ಪಾಪವೇ, ದೇವರನ್ನು ಪರೀಕ್ಷೆ ಮಾಡುವುದು, ಅನುಸೂಯಾ ಇದ್ದಿದ್ದರೆ ಏನನ್ನುತ್ತಿದ್ದಳು, ಗೊತ್ತಿದೆ ಏನನ್ನುತ್ತಿದ್ದಳೆಂದು, ನೋಡೇ ಬಿಡ್ರಿ, ದೇವರೇನು ಬೀಗರ ಮನಿ ಮಂದೀನೇನು, ಮಾತಿಗೊಮ್ಮಿ ಸಿಟ್ಟಾಗಲಕ. ಹಾಗೆಯೇ ಅನ್ನುತ್ತಿದ್ದಳು, ಮನೆಯೊಳಗೆ ದೇವರ ಸಂಗಡ ಸಲಿಗೆ ಅವಳಿಗೇ ಹೆಚ್ಚು, ನನಗೆ ಬರೀ ಭಯಭಕ್ತಿ. ಶಿವಶಿವಾ, ಎಂದು ಮಡೆಪ್ಪನವರು ಬಲಗಣ್ಣು ಮುಚ್ಚಿದರು. ಇದೆ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದರು, ಮಂಜು ಮಂಜು, ಆದರೂ ಇದೆ. ದೃಷ್ಟಿಯನ್ನು ಅಂಗೈಯ ಅಂಚಿಗೆ ಒಯ್ದರು, ಕಣ್ಣಿನ ಕಲೆಯಾದರೆ ಹಿಂದೆಯೇ ಬರಬೇಕು, ಬರಲಿಲ್ಲ, ತನ್ನ ಜಾಗದಲ್ಲೇ ಇದೆ, ಅಬ್ಬಾ, ಕಣ್ಣಿನದಲ್ಲ, ಉಸಿರು ಬಿಟ್ಟರು, ಒಂದು ದಾಟಿತು. ಇನ್ನೊಂದು ಉಳಿದಿದೆ, ಲಿಂಗದ ಮೈ ಮೇಲಿನ ಸವೆತವಾದರೆ ಲಿಂಗ ತಿರುಗಿದಂತೆ ಅದೂ ತಿರುಗಬೇಕು, ಹೆಬ್ಬೆರಳಿನಿಂದ ಮೆಲ್ಲಗೆ, ದಿನವೂ ತೊಳೆಯುವಾಗ ತಿರುಗಿಸುವಷ್ಟೇ ಮೆಲ್ಲಗೆ, ನೆತ್ತಿಯ ವಿಭೂತಿಯ ಗೆರೆ ಬಲಕ್ಕೆ ಹೋಯಿತು, ಇನ್ನೂ ಹೋಯಿತು, ಅಡ್ಡ ಗೆರೆ ಉದ್ದ ಗೆರೆಯಾಯಿತು, ಬೆಳಕು — ಬೆಳಕು ಹೋಗಲಿಲ್ಲ, ಎಲ್ಲಿತ್ತೋ ಅಲ್ಲೇ, ಎದುರಿನ ಮಗ್ಗುಲಿಗೆ, ಲಿಂಗ ಅದರ ಕೆಳಗೆ ಜಾರಿ ಹೋದಂತೆ, ಕರಿ ಹೊಳೆ ಜಾರಿ ಹೋಗಿ ಚಂದ್ರ ನಿಂತಂತೆ. ಮತ್ತೊಮ್ಮೆ ತಿರುಗಿಸಿದರು, ಮತ್ತೊಮ್ಮೆ, ಪೂಜೆ ಮರೆಯಿತು, ಮಂತ್ರ ಮರೆಯಿತು, ಕಣ್ಣಿನದಲ್ಲ, ಲಿಂಗದ ಮೈಯದಲ್ಲ, ಹೊರಗಿನದು, ನೀಲಾ, ಹೊರಗಿನದವ್ವಾ, ಅಲುಗಿಸಿದರೂ ನಿಂತಿದೆ, ನಿನ್ನ ಲೆಕ್ಕದಲ್ಲೂ ತೆಗೆದು ಹಾಕುವಂತಿಲ್ಲ — ಕಣ್ಣಲ್ಲಿ ನೀರು ತುಂಬಿ ಬೆಳಕು ಒಡೆದು ನಾಲ್ಕೂ ಕಡೆ ಸೂಜಿ ಚಾಚಿತು, ಸೋಮವಾರ ಬರಲಿ ಈರವ್ವ, ಭಾಲ್ಕಿಯ ಹೆಣ್ಣುಮಕ್ಕಳೆಲ್ಲ ಬರಲಿ, ಹೇಳುತ್ತೇನೆ, ಎದೆ ತಟ್ಟಿ ಹೇಳುತ್ತೇನೆ, ಅನುಸೂಯಾ ಬಂದಿದ್ದಾಳೆ.

ಹಿಂದೆ ಹೆಜ್ಜೆ ಸಪ್ಪಳ, ನೀಲಾ, ಪೂಜೆಯಲ್ಲಿದ್ದವರನ್ನು ಕರೆಯಬಾರದು ಎಂದು ಅವಳಿಗೆ ಗೊತ್ತು, ಮಾಣಿಕ ಕಾಯುತ್ತಿದ್ದಾನೆ, ಬಸ್ಸಿನ ಹೊತ್ತು, ಮುಗಿಯುವುದನ್ನು ನೋಡಿ ಹೇಳಬೇಕು, ಅದಕ್ಕೇ ಗೋಡೆಯ ಬದಿಯಿಂದ ಸುತ್ತಿ ಬಂದು ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತಳು, ಸೀರೆಯ ಸೆರಗನ್ನು ಹೆಗಲ ತುಂಬ ಹೊದ್ದುಕೊಂಡು, ಸದ್ದಿಲ್ಲದೆ. ಬೆಳಕು ಹೋಯಿತು. ಮಡೆಪ್ಪನವರು ಅಂಗೈಯನ್ನು ಮುಖದ ಹತ್ತಿರಕ್ಕೆ ತಂದರು, ಇಲ್ಲ, ಎಲ್ಲಿ, ಲಿಂಗ ಕಪ್ಪಗಿದೆ, ಬರೀ ಕಪ್ಪು, ಮೊದಲಿನ ಕಪ್ಪು, ಏನು ಮಾಡಿದೆ ನಾನು, ತಿರುಗಿಸಬಾರದಿತ್ತು, ಪರೀಕ್ಷಿಸಬಾರದಿತ್ತು, ಬಂದವಳು ಮುನಿದು ಹೋದಳು — ಹೊರಗೆ ಆಟೋ ಹಾರ್ನ್ ಹಾಕಿತು, ನೀಲಾ ಬಾಗಿಲ ಕಡೆ ನೋಡಲೆಂದು ಪಕ್ಕಕ್ಕೆ ಬಾಗಿದಳು, ಬೆಳಕು ಬಂತು. ನೆಟ್ಟಗೆ ಕೂತಳು, ಹೋಯಿತು. ಅವರು ಕೈ ಸನ್ನೆ ಮಾಡಿದರು, ಸರಿ, ಅತ್ತ ಸರಿ, ಅವಳು ಅರ್ಥವಾಗದೆ ಹುಬ್ಬೇರಿಸಿ ಸರಿದಳು, ಬಂತು, ಇತ್ತ ಬಾ, ಬಂದಳು, ಹೋಯಿತು. ಪೂಜೆಯಲ್ಲಿ ಎಂದೂ ತಲೆ ಎತ್ತದ ಮಡೆಪ್ಪನವರು ತಲೆ ಎತ್ತಿದರು. ಮಗಳ ಹಿಂದೆ ಕಿಟಕಿ. ಪೂರ್ವದ ಕಿಟಕಿ, ಮೋಡವಿಲ್ಲದ ಬರಗಾಲದ ಆಕಾಶ ಕಣ್ಣು ಕುಕ್ಕುವಷ್ಟು ಬೆಳ್ಳಗೆ, ಅದರ ಮುಂದೆ ಮಗಳು, ಮುಖ ಕತ್ತಲೆ, ತಲೆಯ ಸುತ್ತ ಕೂದಲ ಅಂಚು ಮಾತ್ರ ಉರಿಯುತ್ತಿದೆ — ಅಲ್ಲಿ ಕೂರುತ್ತಿದ್ದವಳು ಅನುಸೂಯಾ, ಈ ಮನೆ ಕಟ್ಟಿಸಿದಂದಿನಿಂದ ದಿನವೂ ಅಲ್ಲೇ, ಗಂಡನಿಗೆ ಎದುರಾಗಿ, ಕಿಟಕಿಗೆ ಬೆನ್ನಾಗಿ, ತನ್ನ ಲಿಂಗ ತನ್ನ ಅಂಗೈಯಲ್ಲಿಟ್ಟುಕೊಂಡು, ಇಬ್ಬರ ಮೊಣಕಾಲಿನ ನಡುವೆ ಒಂದು ಮೊಳ ಜಾಗ, ಒಂದೇ ಒಂದು ಬೆಳಿಗ್ಗೆಯೂ ಅವಳಿಲ್ಲದೆ ಇಲ್ಲಿ ಪೂಜೆ ಆಗಿರಲಿಲ್ಲ, ಒಂದೇ ಒಂದು ಬೆಳಿಗ್ಗೆಯೂ ತಾನು ತಲೆ ಎತ್ತಿರಲಿಲ್ಲ. ಕಾರ್ತಿಕದಲ್ಲಿ ಅವಳು ಎದ್ದು ಹೋದಳು, ಅವಳು ತಡೆದಿದ್ದ ಕಿಟಕಿಯ ಬೆಳಕು ಒಳಗೆ ಬಂತು, ಅಷ್ಟೇ, ಅಷ್ಟೇ ಇದು, ಅದಕ್ಕೆ ನಾನು ಬಂದಿಯಾ ಎಂದಿದ್ದೆ, ಈರವ್ವನಿಗೆ ಏನು ಹೇಳಲಿ, ಬಂದದ್ದಲ್ಲ ತಂಗಿ, ಹೋದದ್ದು ಹೊಳೆಯುತ್ತಿದೆ ಎಂದರೆ ಅವಳಿಗೆ ತಿಳಿದೀತೇ, ನನಗೇ ಈಗ ತಿಳಿಯುತ್ತಿದೆ, ಅಪ್ಪಾ, ಮಾಣಿಕಣ್ಣ ಕಾಯ್ಲಕತ್ತಾನ್ರಿ, ನೀಲಾಳ ಪಿಸುಮಾತು, ತಾಳವ್ವ, ಒಂದು ಗಳಿಗಿ, ಅಲ್ಲೇ ಕೂಡು, ಅಲುಗಬ್ಯಾಡ, ಅಲುಗಬ್ಯಾಡ ನೀ — ಮತ್ತೆ ಲಿಂಗಕ್ಕೆ ಕಣ್ಣಿಟ್ಟರು, ಮೂಗು ತಾಗುವಷ್ಟು ಹತ್ತಿರ, ಬೆಳಕಿದ್ದ ಜಾಗ ಅದೇ, ಸಾಸಿವೆ ಕಾಳಿನಷ್ಟು, ಈಗ ಅಲ್ಲಿ ಕಪ್ಪು, ಆದರೆ ಬರೀ ಕಪ್ಪಲ್ಲ, ನೋಡಿದರೆ ಬರುತ್ತದೆ, ಸುಮ್ಮನೆ ನೋಡಿದರೆ ಹನಿ ಹನಿ ಕೂಡಿ ಬರುತ್ತದೆ, ಕೂದಲೆಳೆಯಷ್ಟು ಬೆಳಕಿನ ಅಂಚು, ಅಂಚಿನ ಒಳಗೆ ದುಂಡಗೆ ಒಂದು ತಲೆ, ತಲೆಯ ಕೆಳಗೆ ಎರಡು ಹೆಗಲು, ಕೂತ ಹೆಂಗಸು, ಸೆರಗು ಹೊದ್ದವಳು — ಇದನ್ನೇ ನೋಡುತ್ತಿದ್ದೆನಲ್ಲ, ವರ್ಷವರ್ಷ, ಲಿಂಗದ ಕಪ್ಪೆಂದು ರೆಪ್ಪೆ ಬಡಿಯದೆ ನೋಡಿದ್ದು ಅನುಸೂಯಾಳ ಈ ನೆರಳನ್ನೇ ಅಲ್ಲವೇ, ಎರಡು ಹೆಗಲು, ಒಂದು ತಲೆ, ಕೂತ ಹೆಂಗಸು, ಕಪ್ಪಿನ ಒಳಗೆ ಕೂತ ಹೆಂಗಸು, ಕೂತ —